ತೂಕದ ಕೋಣೆ

ಕಲ್ಲಿನ ಮೇಲೆ 'ಕೀರ್ತಿಭವನ' ಅಂತ ಕೆತ್ತಿದ್ದಾರೆ.
ಕುಂಬಳೆಯ ಆಟೋದವರಿಗೆ ಹಾಗೆ ಹೇಳಿದರೆ
ಯಾವುದಾದರೂ ಮದುವೆ ಹಾಲಿನೆದುರು ಇಳಿಸಿಬಿಡುತ್ತಾರೆ.
ತೂಕದ ಕೋಣೆ ಅನ್ನಿ, ಸಾಕು.

ಮುರಕಲ್ಲಿನ ಗೋಡೆ, ಮೊಳ ದಪ್ಪ.
ಕಿಟಕಿಯಲ್ಲಿ ಬೆಳಕಿಗಿಂತ ಕಬ್ಬಿಣ ಹೆಚ್ಚು.
ದೊರೆಗಳ ಕಾಲದಲ್ಲಿ ಇಲ್ಲಿ ಉಪ್ಪು ಕೂಡಿಡುತ್ತಿದ್ದರಂತೆ,
ಚಿಟಿಕೆ ಕದ್ದವನನ್ನೂ ಇದರೊಳಗೇ ಕೂಡುತ್ತಿದ್ದರಂತೆ.
ಉಪ್ಪು ಹೋಗಿ ಎಷ್ಟು ವರ್ಷವೋ,
ಗೋಡೆಗೆ ಇನ್ನೂ ಮರೆತಿಲ್ಲ.
ಆಟಿ ತಿಂಗಳಲ್ಲಿ ಅಂಗೈ ಇಟ್ಟು ನೋಡಿ:
ಬೆವರಿದ ಬೆನ್ನು.

ನಾನು ಸೀಟಿ ಊದುತ್ತಿದ್ದವ, ಬರೆಯುವವನಲ್ಲ.
ಸಮಿತಿಯವರು ಬಿಡಲಿಲ್ಲ. 'ಮಾಷ್ಟ್ರೇ,
ಇದೆಲ್ಲ ಹೇಗೆ ಸುರುವಾಯಿತು ಅಂತ
ಸ್ಮರಣ ಸಂಚಿಕೆಗೆ ಎರಡು ಪುಟ.'

ಸುರುವಾದದ್ದು ತಕ್ಕಡಿಯಿಂದ.
ತೊಲೆಗೆ ತೂಗುಬಿದ್ದ, ಮೂಟೆ ತೂಗುವ ತಕ್ಕಡಿ,
ಒಂದು ಹಲಗೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಹುಡುಗ.
ಐವತ್ತೈದು ಕಿಲೋದ ಕಬಡ್ಡಿ ಪಂದ್ಯಕ್ಕೆ
ಕೊಯಿಪಾಡಿಯಿಂದ, ಮೊಗ್ರಾಲಿನಿಂದ, ಹೊಳೆಯ ಆಚೆಯಿಂದ
ಹಸಿದುಕೊಂಡೇ ಬರುತ್ತಿದ್ದರು.
ಪೊಡಿಯಬ್ಬ ಎರಡು ದಿನ ನೀರು ಮುಟ್ಟದೆ ಬಂದ,
ಆದರೂ ಕಾಲು ಕಿಲೋ ಹೆಚ್ಚು.
ಓಡಿ ಹೋಗಿ ತಲೆ ಬೋಳಿಸಿಕೊಂಡು ಬಂದ,
ಮುಳ್ಳು ಅಲುಗಲಿಲ್ಲ.
ಮತ್ತೆ ಅಳುತ್ತ ಅಳುತ್ತ ಹೊಳೆಬದಿಯಲ್ಲಿ ಓಡಿದ.
ಕಣ್ಣೀರೂ ಲೆಕ್ಕಕ್ಕೆ ಬಂತು.
ಆಡಿದ.

ತೂಗುತ್ತಿದ್ದವರು ಕಾವಲಿನ ದೂಮಪ್ಪಣ್ಣ.
ಉಪ್ಪು ಇಲಾಖೆಯ ಹಳೇ ಪುಸ್ತಕ,
ಮಣ, ಸೇರು ಎಂದು ಅಚ್ಚಾದ ಗೆರೆಗಳ ನಡುವೆ ಪೆನ್ಸಿಲು:
ಅಂಬು ೫೪. ಮಮ್ಮುಂಞಿ ೫೫.
ಸಿರಿಲ್ ಕ್ರಾಸ್ತ ಐವತ್ತಮೂರು ಮುಕ್ಕಾಲು.
ಗೆದ್ದವರ ಮುಂದೆ ಒಂದು ಚುಕ್ಕೆ,
ಸೋತವರ ಮುಂದೆಯೂ ಒಂದು ಚುಕ್ಕೆ.
ಯಾಕೆ ಅಂತ ಕೇಳಿದರೆ,
'ತೂಗಿದ್ದು ಇಬ್ಬರನ್ನೂ ಅಲ್ಲವಾ?'

ಅವರು ತೀರಿದ ಮೇಲೆ ತಕ್ಕಡಿ ಗುಜರಿಗೆ ಹೊರಟಿತು.
ತಡೆದದ್ದು ನಾವಲ್ಲ,
ಗುಜರಿಯ ಅಸೈನಾರೇ.
ಜತೆಗೆ ಬಂದ ಪುಸ್ತಕ ತಿರುವುತ್ತಿದ್ದವ ನಿಂತುಬಿಟ್ಟ.
'ಉಪ್ಪ' ಅಂದ.
ಉಪ್ಪು ಅಂತಲೇ ನನಗೆ ಕೇಳಿಸಿತು.
ಅವನ ಅಪ್ಪ: ನಲವತ್ತೊಂಬತ್ತೂವರೆ.
'ನಾನು ಕಂಡ ಉಪ್ಪ ನೂರರ ಹತ್ತಿರ, ಮಾಷ್ಟ್ರೇ.
ಮೆಟ್ಟಲು ಹತ್ತಿದರೆ ಉಬ್ಬಸ.'
ಕಬ್ಬಿಣಕ್ಕೆ ಕೊಟ್ಟ ಹಣ ವಾಪಸು ಕೇಳಲಿಲ್ಲ.
ಭವನದ ಮೊದಲ ದೇಣಿಗೆ ಅದು. ರಶೀದಿ ಇಲ್ಲ.

ಮತ್ತೆ ಸಭೆಗಳು.
ಫಲಕ ಕನ್ನಡದಲ್ಲೋ ಮಲಯಾಳದಲ್ಲೋ ಎಂದು
ಮೂರು ಸಂಜೆ, ಒಂದು ಕುರ್ಚಿ ಮುರಿಯಿತು.
ಫೋಟೋ ಹಾಕಿದೆವು, ಕಟ್ಟು ಹಾಕಿಸಿ, ಗಾಜು ಹಾಕಿಸಿ.
ಒಂದೇ ಮಳೆಗಾಲ. ಗೋಡೆಯ ಉಪ್ಪು
ಮೊದಲು ಮೀಸೆಗಳನ್ನು ತಿಂದಿತು, ಆಮೇಲೆ ನಗು.
ಕೊನೆಗೆ ಹಲಸಿನ ಹಲಗೆ ತಂದು
ಹೆಸರು, ತೂಕ ಎರಡೇ ಕೊರೆಸಿದೆವು.
ಅಂಕೆ ಯಾವ ಭಾಷೆ ಅಂತ ಯಾರೂ ಕೇಳಲಿಲ್ಲ.

ಪುಸ್ತಕದಲ್ಲಿ ಒಂದು ಸಾಲು ಉಂಟು, ಹೆಸರಿಲ್ಲದ್ದು:
'ಸೀರೆ ಸಹಿತ ೪೭. ರಾತ್ರಿ.'
ಚುಕ್ಕೆ ಇಲ್ಲ.
ಪಂದ್ಯ ಆಡಿದ್ದಲ್ಲವಲ್ಲ, ಬಿಡುವ ಎಂದಿತು ಸಮಿತಿ.
ನಾನೂ ತಲೆಯಾಡಿಸಿದೆ.

ಉದ್ಘಾಟನೆಯ ಬೆಳಿಗ್ಗೆ, ಇನ್ನೂ ಟೇಪು ಕಟ್ಟಿರಲಿಲ್ಲ,
ಬೀಡಿ ಬ್ರಾಂಚಿಗೆ ಹೊರಟ ಒಬ್ಬರು ಒಳಗೆ ಬಂದರು.
ಹೆಸರು ಕೇಳಬೇಡಿ, ಮಾತು ಕೊಟ್ಟಿದ್ದೇನೆ.
ಮೊರ ಕೆಳಗಿಟ್ಟು, ಚಪ್ಪಲಿ ಬಿಟ್ಟು,
ಹಗ್ಗ ಹಿಡಿದು ಹಲಗೆಯ ಮೇಲೆ ನಿಂತರು.
'ಕಲ್ಲು ಇಡಿ, ಮಾಷ್ಟ್ರೇ.'
ಇಟ್ಟೆ. ಐವತ್ತೆರಡು.
'ನಲವತ್ತು ವರ್ಷಕ್ಕೆ ಐದೇ ಕಿಲೋ' ಅಂತ ನಕ್ಕರು.
'ಅಣ್ಣನ ಕೂಡೆ ಹಿತ್ತಲಲ್ಲಿ ಆಡುತ್ತಿದ್ದೆ.
ಅವನನ್ನು ಎಷ್ಟು ಸಲ ಕೆಡವಿದ್ದೇನೆ.
ಪಂದ್ಯಕ್ಕೆ ಬಿಡುವುದಿಲ್ಲ ಅಂತ ಗೊತ್ತಿತ್ತು,
ತೂಕಕ್ಕಾದರೂ ಬಂದೆ.'

ಮೂವತ್ತು ವರ್ಷ ಗೆರೆ ಕಾದವ ನಾನು.
ಯಾರ ಹೆಬ್ಬೆರಳು ಎಲ್ಲಿ ಮುಟ್ಟಿತು ಎಂದು
ಮಣ್ಣಿಗೆ ಮುಖ ಇಟ್ಟು ನೋಡಿದವ.
'ಹೆಸರು ಕೊರೆಸುತ್ತೇನೆ' ಅಂದೆ.
'ಬೇಡ. ಮನೆಯವರಿಗೆ ಗೊತ್ತಿಲ್ಲ.'
ಅವರ ಮನೆಯವರು ಹೋಗಿ ಹನ್ನೆರಡು ವರ್ಷ.

ಹಲಗೆಯ ತುದಿಯಲ್ಲಿ ಈಗ ೪೭ ಉಂಟು, ನೋಡಿ.
ಸಚಿವರು ಕೇಳಿದರು, ಯಾರೂ ಉತ್ತರ ಹೇಳಲಿಲ್ಲ.
ಪಕ್ಕದ ಚುಕ್ಕೆ ಆಚಾರಿ ಕೊರೆದದ್ದಲ್ಲ,
ನನ್ನದು, ಪೆನ್ಸಿಲಿನದು.
ಉಪ್ಪು ತಿನ್ನುತ್ತದೋ,
ಬರುವ ಆಟಿಯಲ್ಲಿ ನೋಡಬೇಕು.